ಕೃತಕ ಕೀಲೂ ಅದರ ಸವೆತದ ಹುಡಿಯೂ

ವ್ಯಾಕರಣದಲ್ಲಿ ಎರಡು ಅಕ್ಷರಗಳು ಕೂಡುವುದಕ್ಕೆ ಸಂಧಿಯೆಂದು ಹೆಸರು. ವೈದ್ಯಶಾಸ್ತ್ರದಲ್ಲಿ ಎರಡು ಎಲುಬುಗಳು ಕೂಡುವ ಎಡೆಗೂ ಅದೇ ಹೆಸರು. ಒಂದಕ್ಷರವು ಹೋಗಿ ಅದರ ಸ್ಥಾನದಲ್ಲಿ ಮತ್ತೊಂದು ಬರುವುದನ್ನು ವೈಯಾಕರಣರು ಆದೇಶವೆನ್ನುವರು. ಕೆಟ್ಟುಹೋದ ಸೊಂಟದ ಅಥವಾ ಮೊಣಕಾಲಿನ ಕೀಲನ್ನು ತೆಗೆದು ಕೃತಕವಾದುದನ್ನು ಕೂಡಿಸುವ ಶಸ್ತ್ರಚಿಕಿತ್ಸೆಯೂ ಒಂದು ಬಗೆಯ ಆದೇಶವೇ ಸರಿ. ಆದರೆ ಅಕ್ಷರಕ್ಕೆ ಸವೆತವಿಲ್ಲ. ಕೃತಕ ಕೀಲಿಗೆ ಉಂಟು. ಸವೆದು ಉದುರಿದ ಹುಡಿಯು ಸುತ್ತಲಿನ ಮಾಂಸಕ್ಕೂ ಎಲುಬಿಗೂ ಏನು ಮಾಡುವುದೆಂಬುದನ್ನು, ಇಂತಹ ಚಿಕಿತ್ಸೆ ಪಡೆದ ಹಿರಿಯರು ಮನೆಯಲ್ಲಿರುವ ಗೃಹಸ್ಥರು ತಿಳಿದಿರುವುದು ಅವಶ್ಯ. ನಾವು ವೈದ್ಯರಲ್ಲ, ಓದಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿರುವೆವು.

ಸೊಂಟದ ಕೀಲೆಂದರೆ ಬಟ್ಟಲಿನಲ್ಲಿ ಕುಳಿತ ಗುಂಡು. ತೊಡೆಯೆಲುಬಿನ ತಲೆಯೇ ಗುಂಡು. ಕಟಿಯೆಲುಬಿನ ಕುಳಿಯೇ ಬಟ್ಟಲು. ಇಂದಿನ ಕೃತಕ ಕೀಲಿಗೆ ದಾರಿ ತೋರಿದವರು ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿರುವ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯವರು. 1950ರ ದಶಕದ ಕೊನೆಯಿಂದ ಅವರು ಉಕ್ಕಿನ ಗುಂಡಿಗೆ ಟೆಫ್ಲಾನಿನ ಬಟ್ಟಲನ್ನು ಜೊತೆಮಾಡಿ ಸುಮಾರು 300 ರೋಗಿಗಳಿಗೆ ಕೂಡಿಸಿದರು. ಇಂದು ದೋಸೆಯ ಕಾವಲಿಗೆ ಲೇಪಿಸುವ ನುಣುಪಾದ ವಸ್ತುವೇ ಅದು. ನೋವು ಹೋಯಿತು, ರೋಗಿಗಳು ನಡೆದಾಡಿದರು, ವೈದ್ಯರಿಗೂ ಸಂತೋಷವಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು, ಕೀಲುಗಳು ಸಡಿಲಗೊಂಡುವು. ಮತ್ತೆ ಕೊಯ್ದು ನೋಡಲು, ಸುತ್ತಲೂ ಗಿಣ್ಣಿನಂತಹ ಮುದ್ದೆಯು ಬೆಳೆದಿತ್ತು.

ದೋಷವು ಟೆಫ್ಲಾನಿನಲ್ಲಿಯೋ ಅದರ ಹುಡಿಯಲ್ಲಿಯೋ ಎಂಬುದನ್ನರಿಯಲು ಚಾರ್ನ್‌ಲಿಯವರು ಟೆಫ್ಲಾನಿನ ಹುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡರು. ಪಾಲಿಎಥಿಲೀನ್ ಎಂಬ ಮತ್ತೊಂದು ವಸ್ತುವಿನ ಹುಡಿಯನ್ನೂ ಹಾಗೆಯೇ ಸೇರಿಸಿಕೊಂಡರು. ಒಂಬತ್ತು ತಿಂಗಳ ಮೇಲೆ ಟೆಫ್ಲಾನು ಇದ್ದೆಡೆಯಲ್ಲಿ ಕೈಗೆ ಸಿಕ್ಕುವ ಗಂಟುಗಳೆದ್ದಿದ್ದುವು. ಇನ್ನೊಂದು ಇದ್ದೆಡೆಯು ಕೈಗೆ ತಿಳಿಯುವಂತೆಯೇ ಇರಲಿಲ್ಲ. ಈ ಫಲವನ್ನು ಅವರು 1963ರಲ್ಲಿ ಪ್ರಕಟಿಸಿದರು. ಅಷ್ಟರೊಳಗೆ ಅವರ ಸಹಾಯಕರಾದ ಹ್ಯಾರಿ ಕ್ರೇವನ್ ಪಾಲಿಎಥಿಲೀನನ್ನು ಯಂತ್ರಕ್ಕೆ ಕೊಟ್ಟು ಉಜ್ಜಿಸಿದ್ದರು. ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಅದು ಮೂರು ವಾರಗಳಲ್ಲಿಯೂ ಸವೆಯಲಿಲ್ಲ. 1962ರ ನವೆಂಬರಿನಿಂದ ಬಟ್ಟಲಿಗೆ ಅದೇ ಬಳಕೆಗೆ ಬಂದಿತು.

ಇದರ ಮರ್ಮವೇನೆಂದರೆ, ಇಡಿಯಾದ ವಸ್ತುವನ್ನು ಸಹಿಸುವ ಶರೀರವು ಅದರ ಹುಡಿಯನ್ನು ಸಹಿಸದು. ಪರಕೀಯ ಕಣಗಳನ್ನು ನುಂಗುವ ಭಕ್ಷಕಕೋಶಗಳೆಂಬ ಕಾವಲುಗಾರರು ನಮ್ಮ ಮಾಂಸದಲ್ಲಿರುವರು. ರೋಗಾಣುವನ್ನು ಅವು ನುಂಗಿ ಕರಗಿಸುವುವು. ಪ್ಲಾಸ್ಟಿಕ್ಕಿನ ಕಣವನ್ನು ನುಂಗಬಲ್ಲುವು, ಕರಗಿಸಲಾರವು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ಕಣಗಳೇ ಅವನ್ನು ಹೆಚ್ಚಾಗಿ ಕೆರಳಿಸುವುವು. ಕೆರಳಿದ ಕೋಶಗಳಿಂದ ಹೊರಬೀಳುವ ರಸಗಳು ಉರಿಯೂತವನ್ನುಂಟುಮಾಡಿ, ಎಲುಬನ್ನು ತಿನ್ನುವ ಕೋಶಗಳನ್ನು ಪ್ರೇರಿಸುವುವು. ಹೀಗೆ ಕೀಲನ್ನು ಹಿಡಿದಿದ್ದ ಎಲುಬೇ ಕ್ರಮೇಣ ಕರಗಿ, ಕೀಲು ಅಲುಗತೊಡಗುವುದು. ಬಹುಕಾಲ ನೋವೇ ಇರದಿರುವುದು ಇದರ ಕಪಟ.

ಪ್ಲಾಸ್ಟಿಕ್ಕಿನ ಗೊಡವೆಯೇ ಬೇಡವೆಂದು 2000ರ ದಶಕದಲ್ಲಿ ಗುಂಡು ಬಟ್ಟಲುಗಳೆರಡನ್ನೂ ಕೋಬಾಲ್ಟ್, ಕ್ರೋಮಿಯಂ ಬೆರಕೆಯ ಲೋಹದಿಂದ ಮಾಡಿದ ಕೀಲುಗಳು ಬಹಳವಾಗಿ ಪ್ರಚಾರಕ್ಕೆ ಬಂದುವು. ಇವುಗಳ ಹುಡಿಯು ತೂಕದಲ್ಲಿ ಅಲ್ಪ. ಕಣಗಳಾದರೋ ಅತಿಸೂಕ್ಷ್ಮ, ಸಂಖ್ಯೆಯಲ್ಲಿ ಅಪಾರ. 2008ರಲ್ಲಿ ಆಕ್ಸ್‌ಫರ್ಡಿನ ವೈದ್ಯರು 17 ಮಂದಿ ಸ್ತ್ರೀಯರ 20 ಕೀಲುಗಳ ಬಳಿ ಕಂಡ ಹುಸಿಗೆಡ್ಡೆಗಳನ್ನು ವರ್ಣಿಸಿದರು. ಇವು ಅರ್ಬುದರೋಗವಲ್ಲ, ಆದರೂ ನರವನ್ನೊತ್ತಿ, ಸ್ನಾಯುವನ್ನು ಕೆಡಿಸಬಲ್ಲುವು. ಡೆಪ್ಯೂ ಸಂಸ್ಥೆಯ ಎಎಸ್‌ಆರ್ ಎಂಬ ಇಂತಹ ಕೀಲನ್ನು ಹಾಕಿಸಿಕೊಂಡವರಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಮಂದಿಗೆ ಐದು ವರ್ಷಗಳೊಳಗೆ ಮರುಚಿಕಿತ್ಸೆ ಬೇಕಾಯಿತೆಂದು ತಿಳಿದುಬರಲು, 2010ರ ಆಗಸ್ಟಿನಲ್ಲಿ ಅದನ್ನು ಲೋಕದಾದ್ಯಂತ ಹಿಂತೆಗೆದರು. ಭರತಖಂಡದಲ್ಲಿಯೂ ಅದು ಮಾರಾಟವಾಗಿತ್ತು. ತೊಂದರೆಗೊಳಗಾದವರಿಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿಗಳವರೆಗೆ ಪರಿಹಾರವೆಂದು ಕೇಂದ್ರ ಸರಕಾರವು 2018ರಲ್ಲಿ ಗೊತ್ತುಮಾಡಿತು.

ಇಷ್ಟರಿಂದ ಚಿಕಿತ್ಸೆಗೇ ಹೆದರುವುದು ವಿವೇಕವಲ್ಲ. ಸೊಂಟದ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುವುವೆಂದು 2019ರಲ್ಲಿ ಪ್ರಕಟವಾದ ಲೆಕ್ಕವು ಹೇಳುವುದು. ಈಗಿನ ಸುಧಾರಿಸಿದ ಪಾಲಿಎಥಿಲೀನು ಮೊದಲಿನದಕ್ಕಿಂತ ಬಹಳ ಕಡಮೆ ಸವೆಯುವುದು.

ಗೃಹಸ್ಥರು ಮಾಡಬೇಕಾದುದಿಷ್ಟೇ. ಯಾವ ಕೀಲು, ಯಾವ ವರ್ಷ ಕೂಡಿಸಿದುದೆಂಬ ಆಸ್ಪತ್ರೆಯ ಚೀಟಿಯನ್ನು ಮನೆಪತ್ರಗಳೊಡನೆ ಜೋಪಾನವಾಗಿಡಬೇಕು. ನೋವಿಲ್ಲದಿದ್ದರೂ ವೈದ್ಯರು ಹೇಳಿದ ಕಾಲಕ್ಕೆ ಹೋಗಿ ಕ್ಷಕಿರಣದ ಚಿತ್ರವನ್ನು ತೆಗೆಯಿಸಬೇಕು. ಎರಡು ಲೋಹಗಳು ಉಜ್ಜುವ ಕೀಲಾದರೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂಗಳ ಪರೀಕ್ಷೆಯೂ ಬೇಕಾದೀತು. ಚೆನ್ನಾಗಿ ನಡೆಯುತ್ತಿದ್ದ ಹಿರಿಯರು ಕುಂಟತೊಡಗಿದರೆ, ತೊಡೆಸಂದಿಯಲ್ಲಿ ನೋವೋ ಬಾವೋ ಕಂಡರೆ, ವಯೋಧರ್ಮವೆಂದು ಎಣ್ಣೆ ತಿಕ್ಕಿ ಸುಮ್ಮನಿರಬಾರದು. ಎಲುಬೂ ಸ್ನಾಯುವೂ ಇನ್ನೂ ಉಳಿದಿರುವಾಗ ಹೋದವರಿಗೆ ಎರಡನೆಯ ಚಿಕಿತ್ಸೆಯು ಸುಲಭ. ಎಲ್ಲವೂ ಕರಗಿದ ಮೇಲೆ ಹೋದವರಿಗೆ ಅದು ಬಹು ಕಷ್ಟ.