ಜಾತಕ ಫಲಿಸಿದ್ದು ಯಾವಾಗ?

ಸುರಪುರದ ರಾಜಾ ವೆಂಕಟಪ್ಪ ನಾಯಕ ಇಪ್ಪತ್ತನಾಲ್ಕರ ಪ್ರಾಯ ದಾಟುವುದಿಲ್ಲವೆಂದು ಜಾತಕದಲ್ಲಿತ್ತಂತೆ. 1858ರ ಬಂಡಾಯ ಸೋತು ಸೆರೆಯಾದ ದೊರೆ ಅದೇ ವರ್ಷ ಗುಂಡೇಟಿಗೆ ತೀರಿಕೊಂಡ. ಈ ಕತೆಯನ್ನು ಬರೆದಿಟ್ಟವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ದೊರೆ ಬಾಲಕನಾಗಿದ್ದಾಗ, 1841ರಲ್ಲಿ, ಸಂಸ್ಥಾನದ ಉಸ್ತುವಾರಿಗೆ ಬಂದು ಅವನಿಂದ ‘ಅಪ್ಪಾ’ ಎನಿಸಿಕೊಂಡವನು. ಆತ್ಮಕಥೆ ಅಚ್ಚಾದದ್ದು ಟೇಲರ್ ಸತ್ತ ಮೇಲೆ, 1877ರಲ್ಲಿ. ಘಟನೆಗೂ ಪುಸ್ತಕಕ್ಕೂ 19 ವರ್ಷದ ಅಂತರ. ಇಂಥದೇ ಅಂತರ ಸುವಾರ್ತೆಗಳಲ್ಲೂ ಇದೆ: ಯೇಸುವಿನ ಶಿಲುಬೆಗೂ ಮಾರ್ಕನ ಸುವಾರ್ತೆಗೂ ಸುಮಾರು 40 ವರ್ಷವೆಂಬುದು ಬಹುಪಾಲು ವಿದ್ವಾಂಸರ ಲೆಕ್ಕ. ಆ ಲೆಕ್ಕಕ್ಕೆ ಒಂದು ಆಧಾರವೂ ಭವಿಷ್ಯವಾಣಿಯೇ. ಯೆರೂಸಲೇಮಿನ ದೇವಾಲಯ ಉರುಳುತ್ತದೆಂದು ಯೇಸು ನುಡಿದದ್ದು ಮಾರ್ಕನಲ್ಲಿದೆ, ರೋಮನ್ನರು ಅದನ್ನು ಕೆಡವಿದ್ದು ಕ್ರಿ.ಶ. 70ರಲ್ಲಿ. ಹಾಗಾದರೆ ಎರಡೂ ನಡೆದ ಮೇಲೆ ಹೆಣೆದ ಮಾತೆ? ಇಷ್ಟು ಆತುರ ಸಲ್ಲದು. ರೋಮನ್ನರೊಡನೆ ಯುದ್ಧಕ್ಕೆ ನಾಲ್ಕು ವರ್ಷ ಮೊದಲೇ ಇನ್ನೊಬ್ಬ ಯೇಸು, ಅನನೀಯನ ಮಗ, ನಗರಕ್ಕೆ ಕೇಡೆಂದು ಕೂಗುತ್ತ ತಿರುಗಿದ್ದನ್ನು ಯೆಹೂದಿ ಇತಿಹಾಸಕಾರ ಯೋಸೇಫಸ್ ದಾಖಲಿಸಿದ್ದಾನೆ. ಅಂಥ ಭಯ ಗಾಳಿಯಲ್ಲೇ ಇತ್ತು. ಅರಮನೆಯಲ್ಲಿ ಜಾತಕ ಬರೆಸುವುದಂತೂ ಹೊಸತಲ್ಲ. ಅನುಮಾನಿಸಬೇಕಾದದ್ದು ಭವಿಷ್ಯ ಕರಾರುವಾಕ್ಕಾಗಿ ಕೂಡಿಬಂದ ರೀತಿಯನ್ನು. ಫಲಿಸದ ಜಾತಕಗಳನ್ನು ಯಾರೂ ಆತ್ಮಕಥೆಯಲ್ಲಿ ಬರೆಯುವುದಿಲ್ಲ.

ಟೇಲರ್ ಕಣ್ಣಾರೆ ಕಂಡವನು, ಸುವಾರ್ತೆಗಳಿಗೆ ಕರ್ತೃಗಳ ಹೆಸರು ಆಮೇಲೆ ಅಂಟಿದ್ದು, ಇವೆರಡನ್ನು ಒಂದೇ ತಕ್ಕಡಿಗೆ ಹಾಕಬಹುದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸೆರೆಯಲ್ಲಿದ್ದ ದೊರೆಯನ್ನು ಟೇಲರ್ ಕಂಡು ಮಾತಾಡಿಸಿದ್ದು ನಿಜ. ಆದರೆ ಗುಂಡು ಹಾರಿದಾಗ ಅವನು ಅಲ್ಲಿರಲಿಲ್ಲ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ದೊರೆಯೇ ಹೊಡೆದುಕೊಂಡನೆಂಬುದು ಅವನಿಗೆ ತಲುಪಿದ ಸುದ್ದಿ. ಇಂಗ್ಲಿಷರೇ ಕೊಂದರೆಂಬ ಮಾತೂ ಉಳಿದುಬಂದಿದೆ. ನೇಣು ಬೇಡ, ಫಿರಂಗಿ ಬಾಯಿಗೆ ಕಟ್ಟಿ ಎಂದು ದೊರೆ ಕೇಳಿಕೊಂಡದ್ದನ್ನು ಬ್ರಿಟಿಷ್ ಅಧಿಕಾರಿಯೇ ಬರೆದಿರುವಾಗ ನಂಬಬೇಕು, ಯೇಸುವಿನ ಶಿಷ್ಯ ಪೇತ್ರ ಗುರುವನ್ನು ಅರಿಯೆನೆಂದದ್ದನ್ನು ಶಿಷ್ಯಪರಂಪರೆಯೇ ಉಳಿಸಿಕೊಂಡದ್ದನ್ನು ನಂಬುವಂತೆ, ಎನ್ನುವವರಿದ್ದಾರೆ. ತಮ್ಮವರಿಗೇ ಇರುಸುಮುರುಸಾಗುವುದನ್ನು ಬರೆದರೆ ನಂಬಬೇಕೆಂಬ ಈ ಒರೆಗಲ್ಲು ನನಗೆ ಅರ್ಧ ಮಾತ್ರ ಒಪ್ಪಿಗೆ. ಟೇಲರ್ ಕಾದಂಬರಿಕಾರ, ಧೀರ ದೊರೆಯಿದ್ದರೆ ದುರಂತಕ್ಕೆ ಕಳೆ ಹೆಚ್ಚು. ಪೇತ್ರ ಸೋತಷ್ಟೂ ಅವನು ತಿರುಗಿಬಂದ ಕತೆ ಹಿರಿದು. ಹಾಗಾಗಿ ಇಡೀ ಪುಸ್ತಕವನ್ನು ನಂಬುವುದು, ಬಿಡುವುದು ಎರಡೂ ಸುಲಭದ ದಾರಿ. ಒಂದೊಂದು ಹೇಳಿಕೆಗೂ ಬೇರೆ ಸಾಕ್ಷಿ ಕೇಳಬೇಕು. ದೊರೆಯ ವಿಚಾರಣೆ, ಶಿಕ್ಷೆ, ಅದನ್ನು ತಗ್ಗಿಸಿದ್ದು ಸರ್ಕಾರದ ಕ್ರಮಗಳು. ಅವಕ್ಕೆ ಟೇಲರ್ ಒಬ್ಬನ ನೆನಪನ್ನೇ ನೆಚ್ಚಬೇಕಿಲ್ಲ. ಅತ್ತ ಪೌಲ, ಸುವಾರ್ತೆಗಳಿಗಿಂತ ಮೊದಲೇ, ಕ್ರಿ.ಶ. 50ರ ದಶಕದ ಆಸುಪಾಸಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೇತ್ರನನ್ನೂ ಯೇಸುವಿನ ಸಹೋದರ ಯಾಕೋಬನನ್ನೂ ಕಂಡದ್ದನ್ನು ಹೇಳಿ, ಪೇತ್ರನೊಡನೆ ಜಗಳವಾಡಿದ್ದನ್ನೂ ಮುಚ್ಚಿಡುವುದಿಲ್ಲ.