ಒಂದನ್ನೊತ್ತಿದರೆ ಇನ್ನೊಂದು ಬಿಡುವ ಗುಂಡಿ

ಪ್ರತಿವರ್ಷವೂ ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳ ಸಾಲು ಬೆಳೆಯುವುದನ್ನು ವಾಚಕರೆಲ್ಲರೂ ಬಲ್ಲರು. ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಅರ್ಜಿ ಇವೆಲ್ಲವೂ ಇಂದು ಪರದೆಯ ಮೇಲೆಯೇ ಆಗಬೇಕು. ಉರಿಗಾಂನಿಂದಲೋ ಮಾರಿಕುಪ್ಪಂನಿಂದಲೋ ಬಂದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ ಕುರ್ಚಿಯಂಚಿನಲ್ಲಿ ಕೂರುತ್ತಾಳೆ. "ಮಾತೃಭಾಷೆ ಯಾವುದಮ್ಮಾ? ಬೇಗ ಹೇಳು" ಎನ್ನುತ್ತಾನೆ ಅಂಗಡಿಯವನು. ಪರದೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಂದು ನಾಲ್ಕು ಪುಟ್ಟ ವೃತ್ತಗಳು. ಮನೆಯಲ್ಲಿ ಅಜ್ಜಿಯೊಡನೆ ತಮಿಳು, ತಾಯಿಯ ತವರಿನವರೊಡನೆ ತೆಲುಗು, ಶಾಲೆಯಲ್ಲಿಯೂ ಗೆಳತಿಯರಲ್ಲಿಯೂ ಕನ್ನಡ. ಆಕೆ ಒಂದು ಗಳಿಗೆ ತಡೆಯುತ್ತಾಳೆ. ಅಂಗಡಿಯವನು ತಡೆಯುವುದಿಲ್ಲ; ಯಾವುದೋ ಒಂದು ವೃತ್ತದಲ್ಲಿ ಚುಕ್ಕೆ ಮೂಡುತ್ತದೆ.

ಈ ಪುಟ್ಟ ವೃತ್ತಕ್ಕೆ 'ರೇಡಿಯೋ ಬಟನ್' ಎಂದು ಹೆಸರು. ಹಲವು ಉತ್ತರಗಳಲ್ಲಿ ಒಂದನ್ನು, ಒಂದನ್ನು ಮಾತ್ರವೇ, ಆಯ್ದುಕೊಳ್ಳಲು ಅರ್ಜಿಯಲ್ಲಿ ಇಡುವ ಸಾಧನವಿದು. ಅರ್ಥಶಾಸ್ತ್ರವನ್ನು ಓದುವ ನನ್ನಂಥವನಿಗೆ ಇದರ ಗೊಡವೆ ಏಕೆಂದು ಪೂಜ್ಯ ಅಧ್ಯಾಪಕರು ಕೇಳಬಹುದು. ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ ನನ್ನನ್ನು ಇದರ ಬೆನ್ನುಹತ್ತಿಸಿತು. ನನ್ನ ತಂಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. 'ವಿದ್ಯಾರ್ಥಿನಿಲಯದಲ್ಲಿ ವಾಸವೇ?' ಎಂಬ ಪ್ರಶ್ನೆಗೆ ಯಾರೂ ಮುಟ್ಟುವ ಮೊದಲೇ 'ಹೌದು' ಎಂಬಲ್ಲಿ ಚುಕ್ಕೆ ಇತ್ತು. ದಿನವೂ ಮನೆಯಿಂದಲೇ ಕಾಲೇಜಿಗೆ ಹೋಗುವ ಹುಡುಗಿ ಅದನ್ನು ಗಮನಿಸಲಿಲ್ಲ. ಎರಡು ತಿಂಗಳ ಮೇಲೆ, ನಿಲಯದ ಮೇಲ್ವಿಚಾರಕರ ಪ್ರಮಾಣಪತ್ರ ತರಬೇಕೆಂದು ಕಚೇರಿಯೊಂದರಿಂದ ಸೂಚನೆ ಬಂತು. ಇಲ್ಲದ ನಿಲಯದ ಪತ್ರವನ್ನು ಎಲ್ಲಿಂದ ತರುವುದು? ಆ ಒಂದು ಚುಕ್ಕೆಯನ್ನು ಅಳಿಸಲು ನಮ್ಮ ತಂದೆಯವರು ಮೂರು ದಿನದ ಕೂಲಿ ಬಿಟ್ಟು ಅಲೆದರು. "ನಾನು ಸುಳ್ಳು ಹೇಳಲಿಲ್ಲವಲ್ಲ ಅಣ್ಣ, ಅದನ್ನು ಹೇಳಿದವರು ಯಾರು?" ಎಂದು ತಂಗಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕಿದ್ದರ ಫಲವೇ ಈ ಲೇಖನ.

ಮೊದಲು ಹೆಸರಿನ ವಿಚಾರ. ಹಿಂದಿನ ಕಾಲದ ಮೋಟಾರು ಕಾರುಗಳ ರೇಡಿಯೋಗಳಲ್ಲಿ ಸಾಲಾಗಿ ಕೆಲವು ಗುಂಡಿಗಳಿರುತ್ತಿದ್ದವು. ಒಂದೊಂದೂ ಒಂದೊಂದು ಬಾನುಲಿ ಕೇಂದ್ರಕ್ಕೆ. ಒಂದನ್ನೊತ್ತಿದರೆ, ಮೊದಲು ಒಳಗಿದ್ದ ಗುಂಡಿ ತಾನಾಗಿಯೇ ಹೊರಕ್ಕೆ ಚಿಮ್ಮುತ್ತಿತ್ತು. ಒಂದೇ ಕಾಲಕ್ಕೆ ಎರಡು ಕೇಂದ್ರಗಳನ್ನು ಕೇಳಲಾಗದಷ್ಟೆ. ಅಂಥ ರೇಡಿಯೋವನ್ನು ಕಾಣದವರು ಮನೆಯ ಟೇಬಲ್ ಫ್ಯಾನನ್ನು ನೆನೆಯಬಹುದು. ಎರಡನ್ನು ಒತ್ತಿದರೆ ಒಂದು ಮೇಲೇಳುತ್ತದೆ, ಮೂರನ್ನು ಒತ್ತಿದರೆ ಎರಡು ಮೇಲೇಳುತ್ತದೆ. ಆದರೆ ಫ್ಯಾನಿನಲ್ಲಿ ಸೊನ್ನೆ ಎಂಬ ಇನ್ನೊಂದು ಗುಂಡಿಯಿದೆ. ಅದನ್ನೊತ್ತಿದರೆ ಯಾವುದೂ ಬೇಡವೆಂದು ಅರ್ಥ. ಈ ಸೊನ್ನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಫ್ಯಾನಿನೊಳಗೆ ಈ ಕೆಲಸವನ್ನು ಮಾಡುವುದು ಒಂದು ತಗಡಿನ ಪಟ್ಟಿ. ಪರದೆಯ ಮೇಲೆ ತಗಡಿಲ್ಲ; ಅಲ್ಲಿ ಆ ಕೆಲಸವನ್ನು ಮಾಡುವುದು ಹೆಸರು. ಅಂತರಜಾಲದ ಪುಟಗಳನ್ನು ಬರೆಯುವ ಎಚ್.ಟಿ.ಎಂ.ಎಲ್. ಎಂಬ ಭಾಷೆಯಲ್ಲಿ ಪ್ರತಿಯೊಂದು ಗುಂಡಿಗೂ ಮೂರು ಮುಖ್ಯ ಲಕ್ಷಣಗಳನ್ನು ಕೊಡುತ್ತಾರೆ. 'ಟೈಪ್' ಎಂಬುದು ಇದು ರೇಡಿಯೋ ಜಾತಿಯ ಗುಂಡಿಯೆಂದು ಸಾರುತ್ತದೆ. 'ನೇಮ್' ಎಂಬುದು ಅದರ ಮನೆತನದ ಹೆಸರು. 'ವ್ಯಾಲ್ಯೂ' ಎಂಬುದು ಅದು ಕಚೇರಿಗೆ ಹೊತ್ತೊಯ್ಯುವ ಉತ್ತರ. ಒಂದೇ ಅರ್ಜಿಯಲ್ಲಿ ಒಂದೇ ಮನೆತನದ ಹೆಸರುಳ್ಳ ಗುಂಡಿಗಳಲ್ಲಿ ಒಂದು ಮಾತ್ರ ಒಳಗಿರಬಹುದು. ಬರೆಯುವವನು ಕೈತಪ್ಪಿ ಒಂದಕ್ಕೆ 'ಭಾಷೆ' ಎಂದೂ ಮತ್ತೊಂದಕ್ಕೆ 'ಭಾಷೆ೧' ಎಂದೂ ಹೆಸರಿಟ್ಟರೆ ಅವು ಬೇರೆ ಬೇರೆ ಮನೆತನಗಳಾಗಿ, ಎರಡರಲ್ಲಿಯೂ ಚುಕ್ಕೆ ನಿಲ್ಲುತ್ತದೆ. 'ವ್ಯಾಲ್ಯೂ' ಬರೆಯಲು ಮರೆತರೆ ವಿದ್ಯಾರ್ಥಿ ಏನನ್ನು ಆರಿಸಿದರೂ 'ಆನ್' ಎಂಬ ಒಂದೇ ಮಾತು ಹೋಗುತ್ತದೆ. ಯಾವುದನ್ನೂ ಆರಿಸದಿದ್ದರೆ ಆ ಪ್ರಶ್ನೆಯ ಹೆಸರೇ ಕಚೇರಿಗೆ ಹೋಗುವುದಿಲ್ಲ.

ಇನ್ನು ನಾಲ್ಕನೆಯ ಲಕ್ಷಣ 'ಚೆಕ್ಡ್'. ಇದನ್ನು ಬರೆದ ಗುಂಡಿಯಲ್ಲಿ ಪುಟ ತೆರೆದಾಗಲೇ ಚುಕ್ಕೆ ಇರುತ್ತದೆ. ನನ್ನ ತಂಗಿಯ ಅರ್ಜಿಯಲ್ಲಿ 'ಹೌದು' ಎಂದು ಹೇಳಿದ್ದು ಇದೇ. ಇದಕ್ಕೊಂದು ಸ್ವಾರಸ್ಯವಾದ ಚರಿತ್ರೆಯಿದೆ. ೧೯೯೫ರಲ್ಲಿ ಪ್ರಕಟವಾದ ಎಚ್.ಟಿ.ಎಂ.ಎಲ್. ಎರಡನೆಯ ಆವೃತ್ತಿಯ ನಿಯಮದಂತೆ, ಬರೆದವನು ಯಾವುದನ್ನೂ ಮೊದಲೇ ಆರಿಸಿಡದಿದ್ದರೆ ಬ್ರೌಸರ್ ತಾನೇ ಮೊದಲನೆಯ ಗುಂಡಿಯನ್ನು ಆರಿಸಬೇಕಾಗಿತ್ತು. ಒಂದಾದರೂ ಸದಾ ಒಳಗಿರಲೇಬೇಕೆಂಬ ಹಳೆಯ ರೇಡಿಯೋದ ನ್ಯಾಯವೇ ಅದು. ಬ್ರೌಸರುಗಳು ಇದನ್ನು ಒಂದೇ ರೀತಿಯಲ್ಲಿ ಪಾಲಿಸಲಿಲ್ಲವಾದ್ದರಿಂದ, ೧೯೯೯ರ ನಾಲ್ಕನೆಯ ಆವೃತ್ತಿಯ ಪರಿಷ್ಕರಣದಲ್ಲಿ ಆ ಕಟ್ಟಳೆ ಇರಲಿಲ್ಲ. ಈಗಿನ ನಿಯಮದಲ್ಲಿ ಎಲ್ಲ ವೃತ್ತಗಳೂ ಬರಿದಾಗಿರಬಹುದು. ಆದರೆ ಇನ್ನೊಂದು ತೊಡಕು ಉಳಿದಿದೆ: ಒಮ್ಮೆ ಆರಿಸಿದ ಮೇಲೆ ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಚುಕ್ಕೆ ಹೋಗುವುದಿಲ್ಲ. ಬೇರೊಂದಕ್ಕೆ ಬದಲಿಸಬಹುದೇ ಹೊರತು ಬರಿದಾದ ಸ್ಥಿತಿಗೆ ಮರಳಲಾಗದು. ಫ್ಯಾನಿನ ಸೊನ್ನೆ ಇಲ್ಲಿಲ್ಲ. ಬೇಕೆಂದರೆ ಅರ್ಜಿ ಬರೆಯುವವನೇ ಅದನ್ನು ಇಡಬೇಕು.

ಹೀಗೆ ಗುಂಡಿಗಳ ಸಹಜ ಸ್ವಭಾವವನ್ನು ಅರಿತ ಮೇಲೆ, ಅವುಗಳನ್ನು ಆಳುವ ಸ್ಕ್ರಿಪ್ಟಿನ ಕಡೆಗೆ ತಿರುಗೋಣ. ಅದೇ ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬುವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ರಚಿಸಿದರು. ಪುಟದೊಳಗೆ ಕುಳಿತು, ಅರ್ಜಿ ತುಂಬುವವನ ಕೈಚಲನೆಯನ್ನು ನೋಡುತ್ತಾ, ಬರೆದವನ ಅಪ್ಪಣೆಯಂತೆ ನಡೆಯುವುದು ಅದರ ಕೆಲಸ. ರೇಡಿಯೋ ಗುಂಡಿಗಳ ಮಟ್ಟಿಗೆ ಈ ಅಪ್ಪಣೆಗಳು ನಾಲ್ಕು ಬಗೆ.

ಒಂದನೆಯದು, ಕೇಳುವುದು. 'ಕ್ವೆರಿ ಸೆಲೆಕ್ಟರ್' ಎಂಬ ಆಜ್ಞೆಯಿಂದ 'ಈ ಮನೆತನದಲ್ಲಿ ಚೆಕ್ಡ್ ಆಗಿರುವವರು ಯಾರು?' ಎಂದು ವಿಚಾರಿಸಬಹುದು. ಯಾರೂ ಇಲ್ಲದಿದ್ದರೆ 'ನಲ್', ಅಂದರೆ ಏನೂ ಇಲ್ಲ, ಎಂಬ ಉತ್ತರ ಬರುತ್ತದೆ. ಇಲ್ಲದವನ ಬಳಿ ಅವನ 'ವ್ಯಾಲ್ಯೂ' ಏನೆಂದು ಕೇಳಹೋದರೆ ಸ್ಕ್ರಿಪ್ಟು ಅಲ್ಲಿಯೇ ಮುಗ್ಗರಿಸಿ ನಿಲ್ಲುತ್ತದೆ. ಆದುದರಿಂದ ಇದ್ದಾನೆಯೇ ಎಂದು ಮೊದಲು ಕೇಳಿ, ಆಮೇಲೆ ಮಾತನಾಡಿಸುವುದು ಕ್ರಮ.

ಎರಡನೆಯದು, ಕಾಯುವುದು. ಆಯ್ಕೆ ಬದಲಾದಾಗ 'ಚೇಂಜ್' ಎಂಬ ಸೂಚನೆ ಏಳುತ್ತದೆ. ಹೊಸದಾಗಿ ಒಳಹೋದ ಗುಂಡಿ ಮಾತ್ರ ಈ ಕೂಗು ಹಾಕುತ್ತದೆ. ಸ್ಥಾನ ಬಿಟ್ಟ ಗುಂಡಿ ಮೌನವಾಗಿ ನಡೆಯುತ್ತದೆ. ಈ ಕೂಗು ಹೊರಗಿನ ಆವರಣದವರೆಗೂ ಕೇಳಿಸುವುದರಿಂದ ಪ್ರತಿ ಗುಂಡಿಗೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಬೇಕಿಲ್ಲ. ಇಡೀ ಗುಂಪಿನ ಹೊರಬಾಗಿಲಿನಲ್ಲಿ ಒಬ್ಬನಿದ್ದರೆ ಸಾಕು.

ಮೂರನೆಯದು, ಆರಿಸುವುದು. ಯಾವುದೇ ಗುಂಡಿಯ 'ಚೆಕ್ಡ್' ಲಕ್ಷಣವನ್ನು ಸ್ಕ್ರಿಪ್ಟು ತಾನೇ 'ನಿಜ' ಎಂದು ಮಾಡಬಲ್ಲದು. ಎಲ್ಲವನ್ನೂ 'ಸುಳ್ಳು' ಮಾಡಿ ಬರಿದಾಗಿಸಬಲ್ಲದು. ಆದರೆ ಹೀಗೆ ಸ್ಕ್ರಿಪ್ಟು ಬದಲಿಸಿದಾಗ 'ಚೇಂಜ್' ಎಂಬ ಕೂಗು ಏಳುವುದೇ ಇಲ್ಲ. ಮನುಷ್ಯನ ಕೈ ಬದಲಿಸಿದರೆ ಸದ್ದಾಗುತ್ತದೆ, ಯಂತ್ರ ಬದಲಿಸಿದರೆ ಸದ್ದಿಲ್ಲ. ಬಳಕೆದಾರನಿಗೆ ತಿಳಿಯದಂತೆ ಅವನ ಉತ್ತರ ಮಾರ್ಪಡುವ ಅಪಾಯ ಇಲ್ಲಿದೆ.

ನಾಲ್ಕನೆಯದು, ಬಂಧಿಸುವುದು ಮತ್ತು ಬಿಡಿಸುವುದು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಂಗಳೂರು, ಚೆನ್ನೈ, ಕೋಲಾರ, ಮಾರಿಕುಪ್ಪಂ ದಿಕ್ಕುಗಳ ಹಳಿಗಳು ಕೂಡುತ್ತವೆ. ಒಂದು ಗಾಡಿಗೆ ಒಂದು ದಾರಿಯನ್ನು ಕೊಟ್ಟ ಮೇಲೆ ಅದಕ್ಕೆ ಅಡ್ಡಬರುವ ದಾರಿಗಳ ಸಿಗ್ನಲ್ಲುಗಳು ತೆರೆಯದಂತೆ ಬೀಗ ಬೀಳುವುದು ರೈಲ್ವೆಯ ಏರ್ಪಾಟು. ಅದರಂತೆಯೇ ಒಂದು ಉತ್ತರಕ್ಕೆ ಹೊಂದದ ಮುಂದಿನ ಪ್ರಶ್ನೆಗಳಿಗೆ 'ಡಿಸೇಬಲ್ಡ್' ಎಂಬ ಬೀಗ ಹಾಕಬಹುದು. ಬೀಗ ಬಿದ್ದ ಉತ್ತರ ಕಚೇರಿಗೆ ಹೋಗುವುದಿಲ್ಲ. ಆದರೆ ಅನೇಕರು ಬೀಗ ಹಾಕದೆ ಪ್ರಶ್ನೆಯನ್ನು ಕಣ್ಣಿಗೆ ಮರೆಮಾಡಿ ಸುಮ್ಮನಾಗುತ್ತಾರೆ. ವಿದ್ಯಾರ್ಥಿ ಮೊದಲು 'ಹೌದು' ಎಂದು ನಿಲಯದ ಹೆಸರು ಬರೆದು, ಬಳಿಕ ತಿದ್ದಿಕೊಂಡು 'ಇಲ್ಲ' ಎಂದರೆ, ಮರೆಯಲ್ಲಿ ಉಳಿದ ಆ ಹೆಸರು ಅರ್ಜಿಯೊಡನೆ ಹೊರಟೇ ಹೋಗುತ್ತದೆ. ಮರೆಮಾಡುವುದು ಬೇರೆ, ಬೀಗ ಹಾಕುವುದು ಬೇರೆ.

ಈ ನಾಲ್ಕನ್ನೂ ಸರಿಯಾಗಿ ಬಳಸಿದ್ದರೆ ನಮ್ಮ ಮನೆಯ ಪ್ರಸಂಗ ನಡೆಯುತ್ತಿರಲಿಲ್ಲ. ಎರಡು ವೃತ್ತಗಳನ್ನೂ ಬರಿದಾಗಿ ಬಿಟ್ಟು, 'ರಿಕ್ವೈರ್ಡ್' ಎಂಬ ಲಕ್ಷಣದಿಂದ ಉತ್ತರವಿಲ್ಲದೆ ಮುಂದೆ ಹೋಗದಂತೆ ತಡೆದು, 'ಹೌದು' ಎಂದವರಿಗೆ ಮಾತ್ರ ನಿಲಯದ ಹೆಸರನ್ನು ಕೇಳಿದ್ದರೆ, ತಂಗಿ ಅಲ್ಲಿಯೇ ಎಚ್ಚೆತ್ತುಕೊಳ್ಳುತ್ತಿದ್ದಳು. ಅರ್ಜಿ ಬರೆದವನಿಗೆ ಅದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ಅವನು ಉಳಿಸಿದ್ದಕ್ಕೆ ನಮ್ಮ ತಂದೆಯವರು ಮೂರು ದಿನ ತೆತ್ತರು. ಸ್ಕ್ರಿಪ್ಟು ನಡೆಯುವುದು ತುಂಬುವವನ ಯಂತ್ರದಲ್ಲಾದ್ದರಿಂದ, ಅದನ್ನು ಬಲ್ಲವರು ತಿರುಚಲೂಬಹುದು. ಆದಕಾರಣ ಕಚೇರಿಯ ಕಂಪ್ಯೂಟರೂ ಬಂದ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ದೃಷ್ಟಿಹೀನರಾದ ಸಹಪಾಠಿಗಳ ಮಾತನ್ನೂ ಮರೆಯಲಾಗದು. ಅವರು ಪರದೆಯನ್ನು ಓದಿಹೇಳುವ ತಂತ್ರಾಂಶದ ನೆರವಿನಿಂದ, ಮೌಸ್ ಇಲ್ಲದೆ, ಕೀಲಿಮಣೆಯಿಂದಲೇ ಅರ್ಜಿ ತುಂಬುತ್ತಾರೆ. 'ಟ್ಯಾಬ್' ಕೀಲಿಯಿಂದ ಗುಂಪನ್ನು ಹೊಕ್ಕು ಬಾಣದ ಕೀಲಿಗಳಿಂದ ಒಂದೊಂದೇ ಗುಂಡಿಗೆ ಸರಿಯುವುದು ಪದ್ಧತಿ. ಹಾಗೆ ಸರಿದಂತೆಲ್ಲ ಆ ಗುಂಡಿ ಆಯ್ಕೆಯೂ ಆಗುತ್ತದೆ. 'ಚೇಂಜ್' ಎಂದೊಡನೆ ಪುಟವನ್ನೇ ಬದಲಿಸುವ ಸ್ಕ್ರಿಪ್ಟು ಬರೆದಿದ್ದರೆ, ಮೂರನೆಯ ಉತ್ತರವನ್ನು ಬಯಸಿದವರು ಎರಡನೆಯದರಲ್ಲಿಯೇ ಬೇರೆಲ್ಲಿಗೋ ಎಸೆಯಲ್ಪಡುತ್ತಾರೆ. ಕಣ್ಣುಳ್ಳವನ ಆತುರ ಕಣ್ಣಿಲ್ಲದವನಿಗೆ ಗೋಡೆಯಾಗಬಾರದು.

ಒಂದನ್ನು ಮಾತ್ರ ಆರಿಸುವ ಯಂತ್ರಗಳಲ್ಲಿ ನಮಗೆಲ್ಲ ಪರಿಚಿತವಾದದ್ದು ಮತಯಂತ್ರ. ಇದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಅದರಲ್ಲಿ ಒಂದು ಗುಂಡಿಯನ್ನೊತ್ತಿದ ಮೇಲೆ, ಮತಗಟ್ಟೆಯ ಅಧಿಕಾರಿ ಮುಂದಿನ ಮತದಾರನಿಗೆ ಅವಕಾಶ ಕೊಡುವವರೆಗೂ, ಬೇರಾವ ಗುಂಡಿಯೂ ಕೆಲಸ ಮಾಡದು. ಅಲ್ಲಿ ಯಾವ ಅಭ್ಯರ್ಥಿಯ ಮುಂದೆಯೂ ಮೊದಲೇ ದೀಪ ಉರಿಯುತ್ತಿರುವುದಿಲ್ಲ. ಹಾಗೆ ಉರಿಯುತ್ತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಅಷ್ಟಕ್ಕೂ ಸಾಲದೆಂದು ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯೂ ಸೇರಿತು. ಫ್ಯಾನಿನ ಸೊನ್ನೆಗೆ ಪ್ರಜಾರಾಜ್ಯದಲ್ಲಿ ದೊರೆತ ಸ್ಥಾನವದು.

ಜನಗಣತಿಯ ಕಾಗದದಲ್ಲಿಯೂ ಇಂಥ ವಿವೇಕವನ್ನು ಕಾಣಬಹುದು. ೨೦೧೧ರ ಗಣತಿಯಲ್ಲಿ ಲಿಂಗದ ಪ್ರಶ್ನೆಗೆ ಗಂಡು, ಹೆಣ್ಣು ಎಂಬ ಎರಡರ ಜೊತೆಗೆ 'ಇತರೆ' ಎಂಬ ಮೂರನೆಯ ಸಂಕೇತವಿತ್ತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿಯಿತು. ಅದೇ ಗಣತಿ ಮಾತೃಭಾಷೆಯನ್ನು ಒಂದೇ ಎಂದು ಕೇಳಿದರೂ, ಅದರ ಮುಂದೆಯೇ ಬಲ್ಲ ಇತರ ಎರಡು ಭಾಷೆಗಳನ್ನು ಬರೆಯಲು ಸ್ಥಳ ಕೊಟ್ಟಿತ್ತು. ಒಂದೇ ಉತ್ತರ ಸಲ್ಲುವ ಪ್ರಶ್ನೆ ಯಾವುದು, ಹಲವು ಉತ್ತರ ಬೇಡುವ ಪ್ರಶ್ನೆ ಯಾವುದು ಎಂಬ ವಿವೇಚನೆ ಸ್ಕ್ರಿಪ್ಟಿಗಿಂತಲೂ ಮೊದಲು ಬರಬೇಕಾದದ್ದು. ಹಲವನ್ನು ಆರಿಸಬಹುದಾದಲ್ಲಿ ಚೌಕಾಕಾರದ ಚೆಕ್ ಬಾಕ್ಸ್ ಸಲ್ಲುತ್ತದೆ. ರಾಜ್ಯದ ೩೧ ಜಿಲ್ಲೆಗಳಲ್ಲಿ ಒಂದನ್ನು ಆರಿಸಬೇಕಾದಲ್ಲಿ ಇಳಿಯುವ ಪಟ್ಟಿ ಅನುಕೂಲ. ಕೆಲವೇ ಉತ್ತರಗಳಿದ್ದು, ಒಂದು ನಿಜವಾದರೆ ಉಳಿದವು ನಿಜವಲ್ಲ ಎಂಬಂತಿದ್ದಲ್ಲಿ ಮಾತ್ರ ರೇಡಿಯೋ ಗುಂಡಿ.

ನಮ್ಮ ಊರಿನ ನೆಲದಲ್ಲಿ ಈ ವಿವೇಚನೆ ಇನ್ನಷ್ಟು ಅಗತ್ಯ. ೧೮೮೦ರ ಸುಮಾರಿಗೆ ಜಾನ್ ಟೇಲರ್ ಕಂಪೆನಿ ಇಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡುವ ಜನ ಒಂದೇ ಗಣಿಯೊಳಗೆ ಇಳಿದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಜನ ಉಳಿದರು, ಅವರೊಡನೆ ಭಾಷೆಗಳೂ ಉಳಿದವು. ಇಲ್ಲಿನ ಮನೆಯೊಂದರಲ್ಲಿ ಒಂದು ಭಾಷೆ ಬಂದರೆ ಇನ್ನೊಂದು ಹೊರಕ್ಕೆ ಚಿಮ್ಮುವುದಿಲ್ಲ. 'ಮನೆಯಲ್ಲಿ ಆಡುವ ಭಾಷೆಗಳು' ಎಂದು ಕೇಳಿ ನಾಲ್ಕು ಚೌಕಗಳನ್ನಿಟ್ಟರೆ ಆ ಹುಡುಗಿ ತಡೆಯದೆ ಉತ್ತರಿಸುತ್ತಾಳೆ.

ನಮ್ಮಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಕೂರುವವರು, ಕೆಲವರು ಅಧ್ಯಾಪಕರಾಗುವವರು, ಒಬ್ಬಿಬ್ಬರಾದರೂ ಇಂಥ ಅರ್ಜಿಗಳನ್ನು ಬರೆಯುವವರು. ಅವರಲ್ಲಿ ನನ್ನ ವಿನಂತಿಯಿಷ್ಟೆ: ಬೇರೊಬ್ಬರ ಪರವಾಗಿ ಮೊದಲೇ ಚುಕ್ಕೆ ಇಡಬೇಡಿ, ಹೇಳಲಿಚ್ಛಿಸದವರಿಗೆ ಒಂದು ಸೊನ್ನೆಯನ್ನು ಇಡಿ, ಅರ್ಜಿಯನ್ನು ಕಳುಹಿಸುವ ಮುನ್ನ ಆರಿಸಿದ್ದನ್ನೆಲ್ಲ ಒಮ್ಮೆ ಓದಿತೋರಿಸಿ. ಅರ್ಜಿ ತುಂಬುವ ಗೆಳೆಯರಲ್ಲಿಯೂ ಒಂದು ಮಾತು: ಅಂಗಡಿಯವನು ಎಷ್ಟೇ ಅವಸರಪಡಿಸಲಿ, ಪ್ರತಿ ವೃತ್ತವನ್ನೂ ನಿಮ್ಮ ಕಣ್ಣಿನಿಂದಲೇ ನೋಡಿ. ನನ್ನ ತಂಗಿ ಈ ವರ್ಷದ ಅರ್ಜಿಯನ್ನು ತಾನೇ ಕುಳಿತು ತುಂಬಿದಳು. ಹಿಂದೆ ಸಾಲು ಉದ್ದವಾಗಿತ್ತು. ಅವಳು ಮಾತ್ರ ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ ಮೇಲೆಯೇ ಎದ್ದಳು.