ಕಿರುತೆರೆಯಲ್ಲಿ ಕಾಶಿಯ ಶಹನಾಯಿ

ಕಾಶಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ 1977ರ ‘ಸನಾದಿ ಅಪ್ಪಣ್ಣ’ ಕೇವಲ ಚಲನಚಿತ್ರವಲ್ಲ. ತೆರೆಯ ಮೇಲೆ ಸನಾದಿ ಹಿಡಿದವರು ಡಾ. ರಾಜ್‌ಕುಮಾರ್, ನಾದವು ಈ ಊರಿನ ಉಸ್ತಾದ್ ಬಿಸ್ಮಿಲ್ಲಾ ಖಾನರದು. ಪಂಚಗಂಗಾ ಘಾಟಿನ ಬಾಲಾಜಿ ಗುಡಿಯಲ್ಲಿ ಸಾಧನೆಗೈದ ಆ ಉಸಿರು ಜಿ. ಕೆ. ವೆಂಕಟೇಶರ ಸಂಗೀತದೊಡನೆ ಕನ್ನಡಿಗರ ಮನೆಮನೆಯನ್ನು ತಲುಪಿತು.

ಇಂದು ವಾಹಿನಿಗಳಲ್ಲಿ ಹಳೆಯ ಚಿತ್ರಗಳು ದೊರೆಯುವುದೇ ಭಾಗ್ಯವೆನ್ನೋಣ. ಆದರೆ ದೊರೆಯುವ ಬಗೆ? ಚೌಕಾಕಾರದ ಚಿತ್ರವನ್ನು ಅಗಲ ಪರದೆಗೆ ಎಳೆದು ಹಿಗ್ಗಿಸುವುದರಿಂದ ಮುಖಗಳು ಊದಿಕೊಂಡಂತೆ ಕಾಣುತ್ತವೆ. ಕಲಾವಿದರ ಹೆಸರುಗಳನ್ನು ಓದಗೊಡದೆ ಓಡಿಸಲಾಗುತ್ತದೆ. ರಾಗವು ಏರುತ್ತಿರುವಾಗಲೇ ಸಾಬೂನಿನ ಜಾಹೀರಾತು ನುಗ್ಗುತ್ತದೆ. ಕೇಬಲ್ ನಿಯಮವು ಜಾಹೀರಾತಿಗೆ ಗಂಟೆಗೆ 12 ನಿಮಿಷಗಳ ಮಿತಿಯನ್ನು ವಿಧಿಸಿದೆ. ಲೆಕ್ಕ ನೋಡುವ ಉದ್ಯೋಗದವನಾದ ನನಗೆ ನಿಮಿಷಗಳ ಬಗ್ಗೆ ತಕರಾರಿಲ್ಲ. ತುಂಡರಿಸುವ ಜಾಗವೇ ತಪ್ಪು. ಮಾತಿನ ದೃಶ್ಯ ತುಂಡಾದರೆ ಕಥೆಯ ಎಳೆ ಮತ್ತೆ ಸಿಕ್ಕೀತು. ವಾದ್ಯದ ಸ್ವರವಿಸ್ತಾರ ನಡುವೆ ಮುರಿದರೆ ಮತ್ತೆ ಕೂಡದು.

ಉಸ್ತಾದರು 2006ರ ಆಗಸ್ಟ್ 21ರಂದು ಈ ಊರಿನಲ್ಲಿಯೇ ತೀರಿಕೊಂಡರು. ಅವರಿಗೂ ಕನ್ನಡಕ್ಕೂ ಇದ್ದ ನಂಟನ್ನು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅರಿಯಲು ಇಂದು ಉಳಿದಿರುವ ಸುಲಭ ದಾರಿ ಈ ಚಿತ್ರವೇ. ವಾಹಿನಿಯವರು ಹೆಸರುಗಳನ್ನು ಓದುವಷ್ಟು ಹೊತ್ತು ನಿಲ್ಲಿಸಲಿ. ಶಹನಾಯಿ ನಿಂತ ಮೇಲೆ ಸಾಬೂನು ಬರಲಿ.